ಕ್ಷಮೆ ಕೊಟ್ಟವರು, ಕ್ಷಮೆ ಕೇಳದವರು

ಭಾದ್ರಪದ ಮಾಸ ಬಂತೆಂದರೆ ಬೆಂಗಳೂರು ದಂಡು ಪ್ರದೇಶದ ಶಿವಾಜಿನಗರದಲ್ಲಿ ಬಹುತೇಕ ವರ್ಷಗಳಲ್ಲಿ ಎರಡು ಪರ್ವಗಳು ಒಂದರ ಬೆನ್ನಿಗೊಂದು ಬರುತ್ತವೆ. 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಗೊಂಡ ಸಂತ ಮೇರಿಯ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜವೇರುತ್ತದೆ. ಕಾವಿ ವಸ್ತ್ರ ಧರಿಸಿದ ಹರಕೆಯ ಭಕ್ತರು ರಸ್ತೆಗಳನ್ನು ತುಂಬುತ್ತಾರೆ. ಅದೇ ಬೀದಿಗಳಲ್ಲಿಯೂ ಹಲಸೂರಿನಲ್ಲಿಯೂ ಇರುವ ಜೈನ ಮನೆಗಳಲ್ಲಿ ಉಪವಾಸ, ಸ್ವಾಧ್ಯಾಯ, ಪ್ರತಿಕ್ರಮಣಗಳು ನಡೆಯುತ್ತಿರುತ್ತವೆ. ಎರಡು ಧರ್ಮಗಳೂ ಕ್ಷಮೆಯನ್ನು ತಮ್ಮ ಶಿಖರವೆಂದು ಹೇಳಿಕೊಳ್ಳುತ್ತವೆ. ಆದರೆ ಎರಡೂ ಹೇಳುವ ಕ್ಷಮೆ ಒಂದೇ ಆಗಿದೆಯೇ? ಈ ಪ್ರಶ್ನೆಯನ್ನು ಪರ್ವದ ದಿನ ಪರಸ್ಪರ ಹೊಗಳಿಕೊಂಡು ಮರೆಯುವಂತಿಲ್ಲ.

2008ರ ಅನಂತ ಚತುರ್ದಶಿಯು ಸೆಪ್ಟೆಂಬರ್ 14, ಭಾನುವಾರದಂದು ಬಂದಿತ್ತು. ಅದು ದಶಲಕ್ಷಣ ಪರ್ವದ ಕೊನೆಯ ದಿನ. ಅದೇ ದಿನ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಅಲ್ಲಿನ ಪವಿತ್ರ ಪೆಟ್ಟಿಗೆಯನ್ನೂ ಶಿಲುಬೆಯನ್ನೂ ಭಗ್ನಗೊಳಿಸಿದರು. ಕರಾವಳಿಯ ಇನ್ನೂ ಹಲವು ಪ್ರಾರ್ಥನಾಲಯಗಳು ದಾಳಿಗೊಳಗಾದವು. ಕಾರಣವಾಗಿ ಮತಾಂತರದ ಆರೋಪವನ್ನು ಮುಂದಿಡಲಾಯಿತು. ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 21ರಂದು, ಬೆಂಗಳೂರಿನ ಮರಿಯಣ್ಣಪಾಳ್ಯದ ಸಂತ ಜೇಮ್ಸರ ದೇವಾಲಯದಲ್ಲಿಯೂ ಅದೇ ಬಗೆಯ ಭಂಜನ ನಡೆಯಿತು. ಶ್ರಾವಕರು ಕ್ಷಮಾವಾಣಿಯನ್ನು ಆಚರಿಸುತ್ತಿದ್ದ ವಾರವೇ ಅದು.

ಕ್ರೈಸ್ತರ ದೃಷ್ಟಿಯಲ್ಲಿ ಕ್ಷಮೆಯು ನೊಂದವನು ಕೊಡುವ ದಾನ. ಶಿಲುಬೆಗೇರಿದ ಯೇಸು ತನ್ನನ್ನು ಕೊಲ್ಲುತ್ತಿದ್ದವರಿಗಾಗಿ ಪ್ರಾರ್ಥಿಸಿದನೆಂಬುದು ಅದರ ಮೂಲ. ಮತ್ತಾಯನ ಸುವಾರ್ತೆಯಲ್ಲಿನ ಪ್ರಾರ್ಥನೆಯು ಪಾಪವನ್ನು ಸಾಲವೆಂದೇ ಕರೆಯುತ್ತದೆ. ಅದೇ ಸುವಾರ್ತೆಯ ದೃಷ್ಟಾಂತವೊಂದರಲ್ಲಿ ಅಪಾರ ಸಾಲದಿಂದ ಮುಕ್ತನಾದ ಸೇವಕನು ತನಗೆ ಅಲ್ಪ ಬಾಕಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಸಾಲಗಾರ ಕೇಳದಿದ್ದರೂ ಸಾಹುಕಾರನೇ ಬಾಕಿಯನ್ನು ಹೊಡೆದುಹಾಕಬಹುದು ಎಂಬುದು ಈ ಮಾರ್ಗದ ಧೈರ್ಯ. ಇದಕ್ಕೆ ಭಾರತದಲ್ಲಿ ಎಲ್ಲರೂ ಬಲ್ಲ ನಿದರ್ಶನ ಗ್ಲ್ಯಾಡಿಸ್ ಸ್ಟೇನ್ಸ್ ಅವರದು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ ಸ್ಟೇನ್ಸ್ ಮತ್ತು 10 ಹಾಗೂ 6 ವರ್ಷದ ಇಬ್ಬರು ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟು ಕೊಲ್ಲಲಾಯಿತು. ಆಕೆ ಕೊಂದವರನ್ನು ಕ್ಷಮಿಸಿದೆನೆಂದರು. ಬಾರಿಪದಾದಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆಯನ್ನು 2004ರವರೆಗೆ ಮುಂದುವರಿಸಿದರು.

ಈ ಕ್ಷಮೆಯನ್ನು ಹೊಗಳುವುದು ಸುಲಭ. ಹೊಗಳಿದವರಲ್ಲಿ ಅನೇಕರು ಅದನ್ನು ತಪ್ಪಾಗಿ ಓದಿಕೊಂಡರೆಂಬುದೇ ಇಲ್ಲಿ ವಿಚಾರಣೀಯ. ತಾಯಿಯೇ ಕ್ಷಮಿಸಿದ ಮೇಲೆ ವಿಷಯ ಮುಗಿಯಿತು ಎಂಬ ಭಾವ ಸಮಾಜದಲ್ಲಿ ಹರಡುತ್ತದೆ. ಆದರೆ ನ್ಯಾಯಾಲಯಗಳ ಕಾರ್ಯ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಎತ್ತಿಹಿಡಿಯಿತು. ಕ್ಷಮೆ ಒಂದು ಹೃದಯದ ಲೆಕ್ಕ. ದಂಡನೆ ರಾಜ್ಯದ ಲೆಕ್ಕ. ಒಂದು ಖಾತೆಯ ಜಮೆಯನ್ನು ಇನ್ನೊಂದು ಖಾತೆಗೆ ಬರೆದರೆ ಎರಡೂ ಕೆಡುತ್ತವೆ. 2008ರಲ್ಲಿ ಭೇಟಿಗೆ ಬಂದ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಮುಂದೆ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸರು ತಮ್ಮ ನೋವನ್ನು ಮುಚ್ಚಿಡದೆ ಹೇಳಿದ್ದನ್ನು ಕೆಲವರು ಕ್ಷಮಾಗುಣದ ಕೊರತೆಯೆಂದು ಭಾವಿಸಿದ್ದರೆ, ಅದೂ ಇದೇ ತಪ್ಪು. ಗಾಯವಾಗಿದೆಯೆಂದು ಹೇಳದೆ ಕೊಟ್ಟ ಕ್ಷಮೆಗೆ ಅರ್ಥವಿಲ್ಲ.

ಜೈನ ಸಿದ್ಧಾಂತವು ಈ ಲೆಕ್ಕವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಇಡುತ್ತದೆ. ಒಬ್ಬನು ಕಟ್ಟಿಕೊಂಡ ಕರ್ಮವನ್ನು ಇನ್ನೊಬ್ಬನು ಮನ್ನಾ ಮಾಡಲಾರನು. ಉತ್ತಮ ಕ್ಷಮೆಯು ಕ್ಷಮಿಸುವವನ ಕ್ರೋಧ ಕಷಾಯವನ್ನು ಶಮನಗೊಳಿಸುತ್ತದೆ. ತಪ್ಪಿತಸ್ಥನ ಕರ್ಮ ಅವನದೇ ಪ್ರಾಯಶ್ಚಿತ್ತದಿಂದ ಸಡಿಲವಾಗಬೇಕು. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಆಲೋಚನೆಯನ್ನು, ಎಂದರೆ ಗುರುವಿನೆದುರು ದೋಷವನ್ನು ಹೇಳಿಕೊಳ್ಳುವುದನ್ನು, ಮೊದಲಿಗಿಟ್ಟಿದೆ. ಮರುಭೂತಿಯು ಅಣ್ಣ ಕಮಠನನ್ನು ಸಮಾಧಾನಪಡಿಸಲು ಹೋಗಿ ಬಾಗಿದಾಗ ಕಮಠನು ಕಲ್ಲಿನಿಂದ ಹೊಡೆದು ಕೊಂದನು. ಆ ವೈರ ಭವಭವಗಳಲ್ಲಿ ಬೆಳೆಯಿತು. ಮರುಭೂತಿಯ ಜೀವ ಪಾರ್ಶ್ವನಾಥರಾಗಿ ಉಪಸರ್ಗವನ್ನು ನಿಶ್ಚಲರಾಗಿ ಸಹಿಸಿದರು. ಆದರೆ ಕಮಠನ ಜೀವಕ್ಕೆ ಬಿಡುಗಡೆಯ ದಾರಿ ತೆರೆದದ್ದು ಅದು ತಾನಾಗಿ ಶರಣಾದಾಗ ಮಾತ್ರ.

ಈ ಅಳತೆಯಿಂದ ನೋಡಿದರೆ 2008ರ ಘಟನೆಯಲ್ಲಿ ಕೊಡುವವರಿಗಿಂತ ಕೇಳುವವರ ಕೊರತೆಯೇ ದೊಡ್ಡದು. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು 2011ರಲ್ಲಿ ಅಂತಿಮ ವರದಿ ನೀಡಿತು. ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಆಯೋಗವು ಸಾಕ್ಷ್ಯ ಪಡೆಯಬಲ್ಲದು, ಯಾರ ಪಶ್ಚಾತ್ತಾಪವನ್ನೂ ಪಡೆಯಲಾರದು. ಇದರ ನಡುವೆ ಒಂದು ಅಪವಾದವಿದೆ. ಆಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದು, ದಾಳಿಯನ್ನು ಬಹಿರಂಗವಾಗಿ ಸಮರ್ಥಿಸಿ ಬಂಧನಕ್ಕೊಳಗಾದ ಮಹೇಂದ್ರ ಕುಮಾರರು ಮುಂದೆ ಆ ಸಂಘಟನೆಯನ್ನು ತೊರೆದರು. ತಾವು ನಡೆದ ದಾರಿ ತಪ್ಪೆಂದು ಹೇಳುತ್ತ, ಮತದ್ವೇಷದ ವಿರುದ್ಧ ಊರೂರುಗಳಲ್ಲಿ ಮಾತನಾಡಿದರು. 2020ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ರಾಜಕೀಯವನ್ನು ಒಪ್ಪಬಹುದು, ಬಿಡಬಹುದು. ತಾನೇ ಮೆರೆಸಿದ ಕಾರ್ಯವನ್ನು ತಾನೇ ಸಭೆಯಲ್ಲಿ ತಪ್ಪೆನ್ನುವುದಕ್ಕೆ ಶಾಸ್ತ್ರವು ಗರ್ಹಾ ಎಂಬ ಹೆಸರನ್ನಿಟ್ಟಿದೆ. ಅದು ಜೈನನಲ್ಲದವನಲ್ಲಿ ಕಂಡಿತೆಂದು ಅದರ ಬೆಲೆ ಕಡಿಮೆಯಾಗದು.

ಆದರೆ ಈ ಅಳತೆಗೋಲು ಅನ್ಯರಿಗಷ್ಟೇ ಅಲ್ಲ. ಮಹಾರಾಷ್ಟ್ರದ ಶಿರಪುರದಲ್ಲಿ ಅಂತರಿಕ್ಷ ಪಾರ್ಶ್ವನಾಥರ ಬಸದಿಯು ದಿಗಂಬರ–ಶ್ವೇತಾಂಬರ ವಿವಾದದಿಂದಾಗಿ 1981ರಲ್ಲಿ ಮುಚ್ಚಿ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದ ಬಳಿಕವಷ್ಟೇ ತೆರೆಯಿತು. ಕಮಠನನ್ನು ಸಹಿಸಿದ ತೀರ್ಥಂಕರರ ಬಾಗಿಲಿಗೆ ನಾಲ್ಕು ದಶಕ ಬೀಗ! ಆ ಅವಧಿಯ ಪ್ರತಿ ವರ್ಷವೂ ಎರಡೂ ಪಕ್ಷದವರು ಪರ್ವಾಂತ್ಯದಲ್ಲಿ ಸಕಲ ಜೀವಿಗಳ ಕ್ಷಮೆ ಬೇಡಿದ್ದಾರೆ. ಸಕಲ ಜೀವಿಗಳಲ್ಲಿ ಎದುರು ಪಕ್ಷದವರು ಸೇರಿರಲಿಲ್ಲವೇ?

ಮುದ್ರಿಸಿದ ಕ್ಷಮಾಪಣಾ ಪತ್ರಗಳು ಮಿತ್ರರಿಗೂ ಬೀಗರಿಗೂ ವ್ಯಾಪಾರ ಬಾಂಧವರಿಗೂ ತಪ್ಪದೆ ತಲುಪುತ್ತವೆ. ಯಾರೊಡನೆ ನಿಜವಾಗಿ ವೈರವಿದೆಯೋ ಅವರ ಮನೆಗೆ ಮಾತ್ರ ಹೋಗುವುದಿಲ್ಲ. ಗ್ಲ್ಯಾಡಿಸ್ ಸ್ಟೇನ್ಸರಂತೆ ಕೊಡುವುದು ಎಲ್ಲರ ಶಕ್ತಿಗೆ ನಿಲುಕದಿರಬಹುದು. ಕೇಳುವುದಕ್ಕೆ ಅಷ್ಟು ಶಕ್ತಿ ಬೇಡ. ಸತ್ಯ ಹೇಳಿದರೆ ಸಾಕು. ಬರುವ ಭಾದ್ರಪದಕ್ಕೆ ಮುನ್ನ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯು ತನ್ನ ಹೆಸರಿನಲ್ಲಿ ನಡೆಯುತ್ತಿರುವ ವ್ಯಾಜ್ಯಗಳ ಕಡತಗಳನ್ನು ಒಮ್ಮೆ ತೆರೆದು, ಅವುಗಳಲ್ಲಿ ಒಂದರ ಎದುರುದಾರನ ಮನೆಗಾದರೂ ಹೋಗಿ ಬರಲಿ. ಮಿಚ್ಛಾಮಿ ದುಕ್ಕಡಂ ಎಂಬ ಮಾತು ಮೊದಲು ಆ ಹೊಸ್ತಿಲಲ್ಲಿ ಕೇಳಿಬರಲಿ.