ಹಗುರ ಚೀಲದ ಭಾರ ಯಾರ ತಲೆ ಮೇಲೆ?

ಗಾಲಿ ಪೆಟ್ಟಿಗೆಯೋ ಹೆಗಲ ಚೀಲವೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಪ್ರಯಾಣಕ್ಕೆ ಎರಡು ಜೊತೆ ಬಟ್ಟೆ ಸಾಕೆಂಬ ಸೂತ್ರದ ಬಗ್ಗೆ ಬರೆದಾಗ ತೆಪ್ಪಗಿದ್ದವರೂ ಗಾಲಿಯ ಹೆಸರೆತ್ತಿದ ಕೂಡಲೇ ಕಾಗದ ಬರೆದಿದ್ದಾರೆ. ನನ್ನ ಹೆಗಲ ಚೀಲದ ಮೋಹ ಹಳೇ ಕಾಲದ್ದಂತೆ, ಸೊಂಟ ಬಿದ್ದ ಮೇಲೆ ಗೊತ್ತಾಗುತ್ತದಂತೆ. ಇರಲಿ.

ಗಾಲಿ ಪಂಥದವರ ಇತಿಹಾಸ ಅಂಥ ಪುರಾತನವೇನಲ್ಲ. ಪೆಟ್ಟಿಗೆಗೆ ಗಾಲಿ ಹಚ್ಚಿ ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದವನು ಪೇಟೆಂಟ್ ಪಡೆದದ್ದು 1972ರಲ್ಲಿ. ಉದ್ದ ಹಿಡಿಕೆ ಎಳೆದು ನಿಲ್ಲಿಸಿಕೊಂಡು ಓಡಾಡುವ ಈಗಿನ ಮಾದರಿಯನ್ನು ರಾಬರ್ಟ್ ಪ್ಲಾಥ್ ಎಂಬ ವಿಮಾನ ಚಾಲಕ ತಂದದ್ದು 1987ರ ಸುಮಾರಿಗೆ. ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ವಿಮಾನ ನಿಲ್ದಾಣದ ನುಣುಪು ನೆಲ. ಅಹಮದಾಬಾದಿನ ಹಳೇ ಊರಿನ ಪೋಳ್ ಓಣಿಗಳು ಅವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಎದುರಿನಿಂದ ಸ್ಕೂಟರ್, ಹಿಂದಿನಿಂದ ಹಸು, ಕಾಲ ಕೆಳಗೆ ಏರುಪೇರಾದ ಕಲ್ಲುಹಾಸು. ಅಲ್ಲಿ ಗಾಲಿ ಪೆಟ್ಟಿಗೆ ಎಳೆಯುವವನಿಗೆ ಎರಡು ತಿರುವು ದಾಟುವಷ್ಟರಲ್ಲಿ ಪೆಟ್ಟಿಗೆಯನ್ನು ಎತ್ತಿಕೊಳ್ಳದೆ ಗತಿಯಿಲ್ಲ. ಕೈಸಾಮಾನಿಗೆ ವಿಮಾನದವರು ಕೊಡುವುದೇ ಏಳು ಕಿಲೋ. ಅದರಲ್ಲಿ ಮೂರರ ಹತ್ತಿರ ಖಾಲಿ ಪೆಟ್ಟಿಗೆಯೇ ನುಂಗುತ್ತದೆ.

ಇಷ್ಟು ಬರೆದು, ಮುಂದಿನ ವಾದಕ್ಕೆ ಅಹಮದಾಬಾದಿನದೇ ಒಂದು ಸಾಕ್ಷಿ ಬೇಕೆಂದು ದಂಡಿ ಯಾತ್ರೆಯ ಪುಟಗಳನ್ನು ತಿರುವಿದೆ. ಗಾಲಿ ಅಲ್ಲಿಗೇ ನಿಂತಿತು. ಹಗುರವಾಗಿ ಪ್ರಯಾಣಿಸುವ ನಮ್ಮಂಥವರಿಗೆ 1930ರ ಆ ನಡಿಗೆಗಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಉಪ್ಪಿನ ಕಥೆ ಎಲ್ಲರಿಗೂ ಗೊತ್ತು; ಚೀಲದ ಕಥೆ ಹೇಳುವವರು ಕಡಿಮೆ.

ಮಾರ್ಚ್ 12ರ ಬೆಳಗ್ಗೆ ಸಾಬರಮತಿ ಆಶ್ರಮದಿಂದ ಹೊರಟವರ ಹೆಗಲಲ್ಲಿ ಖಾದಿಯ ಚೀಲ. ಒಳಗೆ ಹಾಸಿಗೆ ಬಟ್ಟೆ, ಇನ್ನೊಂದು ಜೊತೆ ಉಡುಪು, ನೂಲಲು ತಕಲಿ, ದಿನಚರಿ ಪುಸ್ತಕ, ನೀರು ಕುಡಿಯಲು ಲೋಟ. 24 ದಿನ, 240 ಮೈಲಿಗಳಷ್ಟು ದಾರಿ, ಗುಜರಾತಿನ ಏರುತ್ತಿರುವ ಬಿಸಿಲು. ನಡಿಗೆ ಸಾಮಾನ್ಯವಾಗಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಸೋಮವಾರ ಬಿಡುವು. ಅಸಲಾಲಿ, ಮಾತರ್, ನಡಿಯಾದ್, ಬೋರ್ಸದ್, ಮಹೀ ನದಿ ದಾಟಿ ಜಂಬೂಸರ್, ಭರೂಚ್, ಸೂರತ್, ನವಸಾರಿ. ನನ್ನ ಎರಡು ಜೊತೆ ಸೂತ್ರವನ್ನು ಇಂದಿನ ಹವ್ಯಾಸಿಗಳ ಹುಚ್ಚು ಎಂದವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು.

ಅವರಲ್ಲಿ ನಮ್ಮವನೂ ಒಬ್ಬನಿದ್ದ. ಯಾತ್ರಿಕರ ಪಟ್ಟಿಯಲ್ಲಿ ಮಹಾದೇವ ಮಾರ್ತಾಂಡ, ವಯಸ್ಸು 18 ಎಂದಿದೆ. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಆತ. ಆ ಏಪ್ರಿಲ್ 1ರಂದು ಸೂರತ್ ಮುಟ್ಟಿದ ದಂಡಿನಲ್ಲಿದ್ದ ಹುಡುಗ, 1943ರ ಏಪ್ರಿಲ್ 1ರಂದೇ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಹದಿನೆಂಟರ ಹುಡುಗರು ಮೂರು ದಿನದ ಗೋವೆಗೆ ನಾಲ್ಕು ಜೊತೆ ಬೂಟು ತುಂಬುವುದನ್ನು ಕಂಡಾಗಲೆಲ್ಲ ನನಗೆ ಮಹಾದೇವಪ್ಪನ ಚೀಲ ನೆನಪಾಗುತ್ತದೆ. ಹಾಗೆ ನೆನಪಾಗುವುದು ನನ್ನ ವಯಸ್ಸಿನ ರೋಗವೆಂದು ಮನೆಯವರ ಅಭಿಪ್ರಾಯ.

ಯಾತ್ರೆ ಹೊರಡುವ ಮೊದಲೇ ಗಾಂಧಿ ದಾರಿಯ ಹಳ್ಳಿಗಳಿಗೆ ಸೂಚನೆ ಕೊಟ್ಟಿದ್ದರು. ಊಟ ತೀರ ಸರಳವಾಗಿರಲಿ, ಸಿಹಿ ಬೇಡ. ಎಲೆ ಅಡಿಕೆ ಬೇಡ, ಚಹಾ ಬೇಡ. ಹಾಸಿಗೆ ನಾವೇ ತರುತ್ತೇವೆ, ಮಲಗಲು ಚೊಕ್ಕಟ ಜಾಗ ಇದ್ದರೆ ಸಾಕು. ಗಮನಿಸಿ: ಹಗುರ ಪ್ರಯಾಣದ ಹೆಸರಿನಲ್ಲಿ ನಾವು ಮೊದಲು ಬಿಟ್ಟು ಹೋಗುವುದೇ ಹಾಸಿಗೆ, ಹೊದಿಕೆ, ಟವೆಲ್. ‘ಅಲ್ಲಿ ಸಿಗುತ್ತದೆ ಬಿಡಿ’ ಎನ್ನುತ್ತೇವೆ. ಸಿಗುತ್ತದೆ ನಿಜ, ಯಾರೋ ಒಗೆದು ಒಣಗಿಸಿ ಮಡಚಿಟ್ಟಿರುತ್ತಾರೆ. ಯಾತ್ರಿಕರ ಚೀಲದಲ್ಲಿ ಹಾಸಿಗೆಗೂ ಜಾಗವಿತ್ತೆಂದರೆ ಅಲ್ಲಿಯ ಲೆಕ್ಕವೇ ಬೇರೆ.

ಆ ಲೆಕ್ಕ ತಪ್ಪಿದಾಗ ಏನಾಯಿತೆಂಬುದು ಮಾರ್ಚ್ 29ರ ಕಥೆ. ಸೂರತ್ ಜಿಲ್ಲೆಯ ಭಟಗಾಮ್ ಎಂಬ ಹಳ್ಳಿ. ಆ ದಿನದ ಗಾಂಧಿಯ ಭಾಷಣವನ್ನು ನಾನು ಪ್ರವಾಸ ಸಾಹಿತ್ಯದ ಶ್ರೇಷ್ಠ ಕೃತಿಗಳ ಸಾಲಿನಲ್ಲಿಡುತ್ತೇನೆ. ಇತಿಹಾಸದವರು ಬೇಕಿದ್ದರೆ ತಕರಾರು ತೆಗೆಯಲಿ. ಸಾರ ಇಷ್ಟು. ತಮ್ಮ ತಂಡಕ್ಕಾಗಿ ಸೂರತ್ತಿನಿಂದ ಲಾರಿಯಲ್ಲಿ ಹಾಲು, ತರಕಾರಿ ಬರುತ್ತಿರುವುದು ಅವರ ಕಿವಿಗೆ ಬಿದ್ದಿತ್ತು. ರಾತ್ರಿ ನಡಿಗೆಗೆ ಬೆಳಕು ಬೇಕೆಂದು ಭಾರದ ಸೀಮೆಎಣ್ಣೆ ದೀಪವನ್ನು ಒಬ್ಬ ಬಡ ಕೂಲಿಯವನ ತಲೆಯ ಮೇಲೆ ಹೊರಿಸಿದ್ದರು. ನಡೆ, ಬೇಗ ನಡೆ ಎಂದು ಅವನನ್ನು ಅವಸರಿಸುತ್ತಿದ್ದುದು ಗಾಂಧಿಯ ಕಣ್ಣಿಗೆ ಬಿತ್ತು. ನೋಡಲಾರದೆ ಅವರು ಬಿರಬಿರನೆ ಹೆಜ್ಜೆ ಹಾಕಿ ಎಲ್ಲರನ್ನೂ ಹಿಂದಿಕ್ಕಿದರು. ಫಲವಾಗಲಿಲ್ಲ, ದೀಪದವನನ್ನು ಅವರ ಹಿಂದೆಯೇ ಓಡಿಸಿದರು. ಆ ಸಂಜೆ ಸಭೆಯಲ್ಲಿ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡರು. ವೈಸ್‌ರಾಯ್ ಸಂಬಳ ಬಡ ದೇಶಕ್ಕೆ ಹೊರೆ ಎಂದು ಪತ್ರ ಬರೆದವನಿಗೆ, ತನ್ನ ಖರ್ಚು ಸಾಮಾನ್ಯ ಭಾರತೀಯನ ಗಳಿಕೆಯನ್ನು ಎಷ್ಟೋ ಪಟ್ಟು ಮೀರಿದಾಗ ಮಾತಾಡುವ ಹಕ್ಕೆಲ್ಲಿದೆ ಎಂಬ ಧಾಟಿಯಲ್ಲಿ ಕೇಳಿದರು. ಬಡ ದೇಶದಲ್ಲಿ ಅಳತೆ ಮೀರಿ ಉಣ್ಣುವುದು ಕದ್ದು ಉಂಡ ಹಾಗೆ ಎಂದರು.

ಹೆಗಲ ಮೇಲಿನ ಚೀಲ ಹಗುರವೇ ಇತ್ತು. ಭಾರ ಹೋಗಿ ಕೂತದ್ದು ದೀಪದವನ ತಲೆಯ ಮೇಲೆ, ಸೂರತ್ತಿನ ಲಾರಿಯಲ್ಲಿ. ‘ಅರ್ಧ ಚೀಲದಲ್ಲಿ ಇಡೀ ಭಾರತ’ ಎಂಬ ಇಂದಿನ ಹೊಸ ಪಂಥದವರ ಮೇಲೆ ನನಗೆ ಬಹಳ ದಿನದಿಂದ ಇರುವ ತಕರಾರೂ ಇದೇ. ಬಟ್ಟೆಯನ್ನು ಸುರುಳಿ ಸುತ್ತುವುದೋ ಮಡಚುವುದೋ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಗ್ರಾಂ ಉಳಿಸುತ್ತಾರೆ. ಊರು ಮುಟ್ಟಿದ ಮೇಲೆ ನೆಂಟರ ಮನೆಯ ಚಾರ್ಜರ್, ಛತ್ರಿ, ಶಾಲು, ತಲೆನೋವಿನ ಮಾತ್ರೆ, ಒಂದೊಂದಾಗಿ ಕೇಳಿ ಪಡೆಯುತ್ತಾರೆ. ಗಾಲಿ ಪಂಥದವರಿಗೆ ಇಷ್ಟು ಬಿಟ್ಟುಕೊಡುತ್ತೇನೆ: ಅವರು ತಮ್ಮ ಭಾರವನ್ನು ತಾವೇ ಎಳೆಯುತ್ತಾರೆ, ಮೆಟ್ಟಿಲು ಬರುವ ತನಕ.

ಇನ್ನು ಬಟ್ಟೆ. ಬೆವರಿಗೆ ಪಾಲಿಯೆಸ್ಟರೇ ಸರಿ, ಹತ್ತಿ ಒಣಗುವುದಿಲ್ಲ ಎನ್ನುವುದು ಬೆಟ್ಟ ಹತ್ತುವವರ ಶಾಸ್ತ್ರ. ಮಲೆನಾಡಿನ ಆಷಾಢದಲ್ಲಿ ಒಪ್ಪತಕ್ಕ ಮಾತು. ಅಹಮದಾಬಾದಿನ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಗಾಳಿಯೂ ಒಣಗಿರುವಾಗ, ರಾತ್ರಿ ಹಿಂಡಿ ಹರವಿದ ಹತ್ತಿಯ ಅಂಗಿ ಬೆಳಗಾಗುವ ಮೊದಲೇ ಗರಿಗರಿಯಾಗಿರುತ್ತದೆ. ಹಾಗೆಂದು ಪಾಲಿಯೆಸ್ಟರನ್ನು ಬಯ್ದು ಮುಗಿಸುವ ಹಾಗೂ ಇಲ್ಲ. ಸೂರತ್ತಿನ ಮಗ್ಗಗಳಿಂದ ಬರುವ ಕೃತಕ ನೂಲಿನ ಸೀರೆ ಮುಷ್ಟಿಯಷ್ಟಕ್ಕೆ ಮಡಚುತ್ತದೆ, ಸುಕ್ಕಾಗುವುದಿಲ್ಲ, ರೈಲಿನ ಕಿಟಕಿ ಗಾಳಿಗೇ ಒಣಗುತ್ತದೆ. ಹಗುರ ಪ್ರಯಾಣದ ಬಗ್ಗೆ ಪುಸ್ತಕ ಬರೆದ ಗಂಡಸರು ಹುಟ್ಟುವ ಮೊದಲೇ ತೀರ್ಥಯಾತ್ರೆಯ ಅಜ್ಜಿಯರು ಕೈಚೀಲದಲ್ಲಿ ಕಾಶಿಗೆ ಹೋಗಿ ಬಂದಿದ್ದಾರೆ. ಅವರನ್ನು ಯಾರೂ ಸಂದರ್ಶನ ಮಾಡಲಿಲ್ಲ.

ಬುತ್ತಿಯ ವಿಷಯದಲ್ಲಿ ಗುಜರಾತಿಗಳು ನಮಗೆ ಸರಿಸಾಟಿ. ಮೆಂತ್ಯ ಸೊಪ್ಪಿನ ತೇಪ್ಲಾ, ಮಾವಿನಕಾಯಿಯ ಸಿಹಿ ಛುಂದೊ, ಒತ್ತಿ ಒತ್ತಿ ಬೇಯಿಸಿದ ಖಾಖ್ರಾ. ಪ್ರವಾಸದ ತೇಪ್ಲಾಕ್ಕೆ ಎಣ್ಣೆ ಧಾರಾಳ, ನೀರು ಕಡಿಮೆ. ಅದಕ್ಕೇ ನಾಲ್ಕು ದಿನ ತಡೆಯುತ್ತದೆ. ಖಾಖ್ರಾವನ್ನು ನಮ್ಮ ಕಟಕ ರೊಟ್ಟಿಯ ಪಕ್ಕದಲ್ಲಿಟ್ಟು ನೋಡಿ: ಎರಡಕ್ಕೂ ತೂಕವಿಲ್ಲ, ಎರಡೂ ವಾರಗಟ್ಟಲೆ ಕೆಡುವುದಿಲ್ಲ, ಎರಡೂ ಚೀಲದಲ್ಲಿ ಪುಡಿಯಾಗುತ್ತವೆ. ಚಪ್ಪಟೆ ಡಬ್ಬಿ ಇಲ್ಲದೆ ಒಯ್ಯಬಾರದು. ಶೇಂಗಾ ಚಟ್ನಿಪುಡಿಗೆ ಪ್ರತ್ಯೇಕ ಡಬ್ಬಿ ಬೇಡ, ಬಟ್ಟೆಯ ಗಂಟು ಸಾಕು. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಹಾದು ಸೂರತ್, ವಡೋದರ, ಅಹಮದಾಬಾದ್ ಮುಟ್ಟುವ ಜೋಧಪುರದ ಗಾಡಿಯಲ್ಲಿ ಈ ಎರಡು ಬುತ್ತಿಗಳೂ ಬಿಚ್ಚಿಕೊಳ್ಳುತ್ತವೆ. ಅದಲು ಬದಲು ಮಾಡಿಕೊಂಡವರಿಗೆ ಲಾಭವೇ. ಸ್ಲೀಪರ್ ಡಬ್ಬಿಯಲ್ಲಿ ತಲೆಗೆ 40 ಕಿಲೋ ಉಚಿತ ಎಂಬ ನಿಯಮವನ್ನು ಹಕ್ಕೆಂದು ತಿಳಿದವರ ಪಕ್ಕ ಮಾತ್ರ ಕೂರಬೇಡಿ.

ವಡೋದರ ಎಂದಾಗ ಇನ್ನೊಬ್ಬರ ಹೆಸರು ಹೇಳದಿದ್ದರೆ ತಪ್ಪಾದೀತು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಪಾಠ ಹೇಳಿದ ಕಾಕಾ ಕಾಲೇಲ್ಕರ್ ಆಮೇಲೆ ಬರೋಡೆಯ ಗಂಗನಾಥ ವಿದ್ಯಾಲಯಕ್ಕೆ ಹೋದರು. ಅದು ಮುಚ್ಚಿದ ಮೇಲೆ 1912ರಲ್ಲಿ ಹಿಮಾಲಯದ ಕಡೆ ನಡೆದರು. ಆ ನಡಿಗೆಯಿಂದ ಹುಟ್ಟಿದ ‘ಹಿಮಾಲಯನೋ ಪ್ರವಾಸ’ ಗುಜರಾತಿಯ ಮೇಲ್ಪಂಕ್ತಿಯ ಪ್ರವಾಸ ಕಥನ. ಬರೆದವರ ಮಾತೃಭಾಷೆ ಮರಾಠಿ, ಬಾಲ್ಯದ ಊರುಗಳಲ್ಲಿ ಕಾರವಾರವೂ ಒಂದು. ಕೆಲಸ ಹೋದ ದುಃಖಕ್ಕೆ ಇದಕ್ಕಿಂತ ಒಳ್ಳೆಯ ಔಷಧ ನಾನು ಕೇಳಿಲ್ಲ.

ನೀವು ಅಹಮದಾಬಾದಿಗೆ ಹೊರಟಿದ್ದರೆ ಹೀಗೆ ಮಾಡಿ. ಬೇಸಿಗೆಯಾದರೆ ತಲೆಗೂ ಮುಖಕ್ಕೂ ಸುತ್ತುವಷ್ಟು ದೊಡ್ಡ ಹತ್ತಿಯ ಬಟ್ಟೆ. ರಾತ್ರಿ ಅದನ್ನೇ ಹೊದೆಯಬಹುದು. ಜನವರಿಯ ಗಾಳಿಪಟದ ಹಬ್ಬಕ್ಕಾದರೆ ಶಾಲು ಬೇಕೇ ಬೇಕು, ಬೆಳಗಿನ ತಾರಸಿಯಲ್ಲಿ ಚಳಿ ಕಡಿಯುತ್ತದೆ. ನೀರಿಗೆ ಒಂದೇ ಬಾಟಲಿ ಸಾಕು. ಪರಬ್ ಎಂದು ಅವರು ಕರೆಯುವ ಅರವಟ್ಟಿಗೆಗಳು ಹಳೇ ಊರಿನಲ್ಲಿ ಇನ್ನೂ ಇವೆ. ಊರು ದಾರಿಹೋಕರಿಗೆಂದು ಇಟ್ಟ ನೀರು ಅದು, ಕುಡಿಯಲು ಸಂಕೋಚ ಬೇಡ. ಹೊದಿಕೆ, ಟವೆಲ್, ಮಾತ್ರೆ ಮಾತ್ರ ನಿಮ್ಮವೇ ಇರಲಿ. ಉಳಿದುಕೊಂಡ ಮನೆಯವರ ಬಳಿ ಟವೆಲ್ ಕೇಳುವವರು ಎಷ್ಟೇ ಸಣ್ಣ ಚೀಲ ತಂದಿರಲಿ, ಈ ಅಂಕಣದ ಪ್ರಕಾರ ಹಗುರ ಪ್ರಯಾಣಿಕರಲ್ಲ.