ನೆತ್ತಿ ಬಿಸಿಲಿಗೊಂದು ಮಿಂಚು

ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹತ್ತಿದ ಮರುಕ್ಷಣವೇ ಜನರ ನಡುವಿನಿಂದ ಫ್ಲ್ಯಾಶುಗಳು ಪಟಪಟ ಹೊಡೆಯತೊಡಗುತ್ತವೆ. ಸೂರ್ಯನಿಗೇ ಟಾರ್ಚು ಹಿಡಿದ ಹಾಗೆ. ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶು ಐಎಸ್‌ಒ 100ರಲ್ಲಿ ಹತ್ತು-ಹದಿನೈದು ಅಡಿ ಮುಟ್ಟಿದರೆ ಹೆಚ್ಚು; ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅರಮನೆಯ ತನಕ ಹೋಗುವ ಮಾತೇ ಇಲ್ಲ. ಫೋಟೊದಲ್ಲಿ ಬೆಳಗುವುದು ಮುಂದೆ ನಿಂತವರ ಬೋಳುತಲೆ.

ತಪ್ಪು ಕ್ಯಾಮೆರಾದಲ್ಲಿ ಫ್ಲ್ಯಾಶ್ ಸೂಚಿಸುವ ಮಿಂಚಿನ ಗುರುತಿನ ಪಕ್ಕದ ‘ಎ’ ಅಕ್ಷರದ್ದು. ಆಟೊ ಮೋಡ್‌ಗೆ ಗೊತ್ತಿರುವುದು ಒಂದೇ: ಕತ್ತಲಿದೆ, ಹೊಡಿ. ಎಷ್ಟು ದೂರದ ಕತ್ತಲು, ಎಂಥ ಕತ್ತಲು ಎಂದು ಅದು ಕೇಳುವುದಿಲ್ಲ.

ನನ್ನನ್ನು ಕೇಳಿದರೆ ಫ್ಲ್ಯಾಶ್ ನಿಜಕ್ಕೂ ಬೇಕಾಗುವುದು ನಡುಮಧ್ಯಾಹ್ನ. ಬೇಲೂರಿನಲ್ಲಿ ತಂಗಿಯ ಸಂಸಾರವನ್ನು ದೇವಸ್ಥಾನದ ಮುಂದೆ ನಿಲ್ಲಿಸಿದಾಗ ಗಂಟೆ ಹನ್ನೆರಡೂವರೆ. ಚಪ್ಪಲಿ ಹೊರಗೆ ಬಿಟ್ಟ ಕಾಲುಗಳು ಕಾದ ಕಲ್ಲಿನ ಮೇಲೆ ಒಂದೆಡೆ ನಿಲ್ಲುತ್ತಿರಲಿಲ್ಲ. ಮೊದಲ ಫೋಟೊದಲ್ಲಿ ಎಲ್ಲರ ಕಣ್ಣೂ ಹುಬ್ಬಿನ ನೆರಳಲ್ಲಿ ಕಪ್ಪು ಗುಳಿ. ಬರೀ ಮಿಂಚಿನ ಗುರುತಿರುವ ಫಿಲ್ ಫ್ಲ್ಯಾಶ್‌ಗೆ ಬದಲಾಯಿಸಿದೆ. ‘ಇಷ್ಟು ಬಿಸಿಲಲ್ಲಿ ಫ್ಲ್ಯಾಶ್ ಯಾಕಣ್ಣ?’ ಎಂದಳು ತಂಗಿ, ಒಂದು ಕಾಲೆತ್ತಿಕೊಂಡೇ. ಪವರ್ ಮೈನಸ್ 1ಕ್ಕೆ ಇಳಿಸಿ ಆರಡಿ ದೂರದಿಂದ ಹೊಡೆದೆ. ನೆರಳು ತಿಳಿಯಾಯಿತು, ಕಣ್ಣಲ್ಲೊಂದು ಬಿಳಿ ಚುಕ್ಕೆ ಮೂಡಿತು, ಹಿಂದಿನ ಗೋಡೆಯ ಬಿಸಿಲು ಹಾಗೇ ಉಳಿಯಿತು.

ದೀಪಾವಳಿಯಲ್ಲಿ ಆಟೊ ನಂಬಿದರೆ ಮಗುವಿನ ಮುಖಕ್ಕೆ ಸುಣ್ಣ ಬಳಿದಂತೆ, ಹಿಂದಿನ ಹಣತೆ ಸಾಲು ಮಾಯ. ಅಲ್ಲಿ ಸ್ಲೋ ಸಿಂಕ್ ಹಾಕಿ. ಫ್ಲ್ಯಾಶು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಿಂಚಿ ಮುಖ ಹಿಡಿದುಕೊಡುತ್ತದೆ. ಶಟರ್ ಕಾಲು ಸೆಕೆಂಡು ತೆರೆದೇ ಇದ್ದು ಹಣತೆಗಳನ್ನೂ ಒಳಗೆ ಕರೆದುಕೊಳ್ಳುತ್ತದೆ. ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿಯಿರಿ. ಮಗು ಸುರುಸುರುಬತ್ತಿ ಹಿಡಿದು ಓಡುತ್ತಿದ್ದರೆ ರಿಯರ್ ಸಿಂಕ್ ಇನ್ನೂ ಚೆನ್ನ. ಶಟರ್ ಮುಚ್ಚುವ ಹೊತ್ತಿಗೆ ಫ್ಲ್ಯಾಶ್ ಹೊಡೆಯುವುದರಿಂದ ಬೆಳಕಿನ ಗೆರೆ ಮಗುವಿನ ಹಿಂದೆ ಬರುತ್ತದೆ. ಇಲ್ಲವಾದರೆ ಮಗು ಹಿಂದುಹಿಂದಕ್ಕೆ ಓಡಿದಂತೆ ಕಾಣುತ್ತದೆ.

ಕಣ್ಣಿನ ಚಿತ್ರವಿರುವ ರೆಡ್-ಐ ಮೋಡ್ ನನಗೆ ಒಗ್ಗದು. ಮೊದಲು ಬೆಳಕು ಬಿಟ್ಟು, ಪಾಪೆ ಕಿರಿದಾಗಿಸಿ, ಆಮೇಲೆ ಫೋಟೊ ತೆಗೆಯುತ್ತದೆ. ಅಷ್ಟರಲ್ಲಿ ನಗು ಮುಗಿದಿರುತ್ತದೆ. ಕೋಣೆಯ ಟ್ಯೂಬ್‌ಲೈಟೆಲ್ಲ ಹಾಕಿದರೆ ಪಾಪೆ ತಾನಾಗಿಯೇ ಕಿರಿದಾಗುತ್ತದೆ.

ಇನ್ನು ಯಕ್ಷಗಾನಕ್ಕೆ ಹೋದಾಗ ಫ್ಲ್ಯಾಶ್ ಬಂದ್. ಐಎಸ್‌ಒ 3200ಕ್ಕೆ ಏರಿಸಿಕೊಳ್ಳಿ, ಚಿತ್ರ ಕಾಳುಕಾಳಾದರೂ ಚಿಂತೆಯಿಲ್ಲ. ಕಿರೀಟ ಹೊತ್ತು ಧೀಂಗಿಣ ಹಾಕುತ್ತಿರುವವರ ಕಣ್ಣಿಗೆ ಮಾತ್ರ ದಯವಿಟ್ಟು ಹೊಡೆಯಬೇಡಿ.