ನರಜಾಲವೂ ಅರಿವೂ

ಕೃತಕ ನರಜಾಲದಿಂದ ಚೈತನ್ಯ ಹುಟ್ಟಬಲ್ಲುದೇ ಎಂಬ ಪ್ರಶ್ನೆ ಬಂದಾಗ, ಜಡದಿಂದ ಚಿತ್ತು ಹುಟ್ಟದು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ವೀರಶೈವ ವ್ಯಾಖ್ಯಾನಕಾರರುಂಟು. ಉತ್ತರ ಕೇಳಲು ಹಿತವಾಗಿದೆ. ಆದರೆ ಅದು ಸಾಂಖ್ಯರ ಉತ್ತರವೇ ಹೊರತು ಶಕ್ತಿವಿಶಿಷ್ಟಾದ್ವೈತದ್ದಲ್ಲ. ಪ್ರಕೃತಿಯನ್ನು ಪುರುಷನಿಂದ ಬೇರ್ಪಡಿಸಿ ಕೇವಲ ಜಡವೆಂದವರು ಅವರು. ಜಗತ್ತು ಶಿವಶಕ್ತಿಯ ವಿಕಾಸವೆಂದು ಒಪ್ಪಿದವರಿಗೆ ಅಷ್ಟು ಸುಲಭದ ನಿರಾಕರಣೆ ಸಲ್ಲದು.

ಎದುರುಪಕ್ಷದ ಮಾತನ್ನು ಮೊದಲು ಸರಿಯಾಗಿ ಕೇಳಬೇಕು. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಅವರು ನರಕೋಶವನ್ನು ಮಿಡಿಯುವುದು, ಮಿಡಿಯದಿರುವುದು ಎಂಬ ಎರಡೇ ಸ್ಥಿತಿಗಳ ಘಟಕವೆಂದು ಭಾವಿಸಿ, ಅಂಥ ಘಟಕಗಳ ಜಾಲದಿಂದ ತರ್ಕವನ್ನು ನಡೆಸಬಹುದೆಂದು ತೋರಿಸಿದರು. ಕೊಂಡಿಗಳ ಬಲವನ್ನು ತಪ್ಪಿಗನುಸಾರವಾಗಿ ತಿದ್ದುತ್ತ ಜಾಲಕ್ಕೆ ಕಲಿಸುವ ವಿಧಾನಗಳು ಅನಂತರ ಬಂದವು. ಇಂದು ಪ್ರಬಂಧ ಬರೆಯುವ ಯಂತ್ರಗಳಲ್ಲಿರುವುದೂ ಆ ತಿದ್ದುಪಡಿಯ ಬೃಹದ್ರೂಪವೇ. ಇದು ಅಲ್ಪಸಾಧನೆಯಲ್ಲ. ಆದರೆ ಕಾರ್ಯವನ್ನು ವಿವರಿಸಿದ ಮಾತ್ರಕ್ಕೆ ಅನುಭವವನ್ನು ವಿವರಿಸಿದಂತಾಗದು. ಈ ಅಂತರವನ್ನೇ ಡೇವಿಡ್ ಚಾಮರ್ಸ್ 1995ರಲ್ಲಿ ಕಠಿಣ ಸಮಸ್ಯೆಯೆಂದು ಕರೆದರು. ಸೀ. ಎಲೆಗಾನ್ಸ್ ಎಂಬ ಸೂಕ್ಷ್ಮ ಹುಳುವಿನ 302 ನರಕೋಶಗಳ ಜೋಡಣೆಯ ನಕ್ಷೆ 1986ರಲ್ಲಿಯೇ ಪ್ರಕಟವಾಯಿತು. ಹುಳುವಿಗೆ ನೋವೆಂಬುದುಂಟೆ ಎಂಬುದನ್ನು ನಕ್ಷೆ ಹೇಳಲಿಲ್ಲ. 1714ರಷ್ಟು ಹಿಂದೆಯೇ ಲೈಬ್ನಿಜ್, ಆಲೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ಹಿಗ್ಗಿಸಿ ಒಳಹೊಕ್ಕರೂ ಒಂದನ್ನೊಂದು ತಳ್ಳುವ ಭಾಗಗಳಲ್ಲದೆ ಬೇರೇನೂ ಕಾಣದೆಂದು ವಾದಿಸಿದ್ದನು. ಸೊಗಸಾದ ವಾದವೇನೋ ಹೌದು, ಪೂರ್ಣವಾದುದಲ್ಲ. ನೀರಿನ ಒಂದೊಂದು ಕಣದಲ್ಲಿಯೂ ತೇವ ಕಾಣದು; ಅಷ್ಟಕ್ಕೆ ನೀರು ತೇವವಲ್ಲವೆನ್ನಲಾದೀತೆ?

ಸಿದ್ಧಾಂತಶಿಖಾಮಣಿಯ 101 ಸ್ಥಲಗಳಲ್ಲಿ ಮೊದಲನೆಯದು ಪಿಂಡಸ್ಥಲ, ಎರಡನೆಯದು ಪಿಂಡಜ್ಞಾನಸ್ಥಲ. ಪಿಂಡವೆಂದರೆ ಶರೀರ, ಆದ್ದರಿಂದ ಯಂತ್ರವೂ ಒಂದು ಪಿಂಡವೆಂದು ಹೊಂದಿಸಹೊರಡುವವರು ಮೂಲವನ್ನು ನೋಡುವುದೊಳಿತು. ಅಲ್ಲಿ ಪಿಂಡವೆನಿಸಿಕೊಂಡವನು ಅಂತಃಕರಣ ಶುದ್ಧವಾದ ದೇಹಿ, ದೇಹವಲ್ಲ. ಅಂತಃಕರಣವಾದರೋ, ಹೆಸರೇ ಹೇಳುವಂತೆ, ಕರಣ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಇವೆಲ್ಲ ಅದರೊಳಗೆ ಬಂದವು. ಎಣಿಕೆ, ನೆನಪು, ನಿಶ್ಚಯ, ಕೊನೆಗೆ 'ನಾನು' ಎಂಬ ಮಾತು ಕೂಡ ಕರಣದ ಕೆಲಸ. ಅವನ್ನು ಯಂತ್ರ ಮಾಡೀತೆಂದು ಒಪ್ಪಿದರೆ ಸಿದ್ಧಾಂತಕ್ಕೆ ಯಾವ ನಷ್ಟವೂ ಇಲ್ಲ. ಕರಣ ಯಾರದು ಎಂಬ ಪ್ರಶ್ನೆ ಇದ್ದಲ್ಲಿಯೇ ಇರುತ್ತದೆ. ಬುದ್ಧಿಯನ್ನು ಉಳಿಸಿಕೊಳ್ಳಲು ಹೆಣಗುವ ವ್ಯಾಖ್ಯಾನಕಾರರು ಉಳಿಸಬೇಕಾಗಿಲ್ಲದ ಕೋಟೆಯನ್ನು ಕಾಯುತ್ತಿದ್ದಾರೆ. ಯಂತ್ರದಲ್ಲಿ ದೇಹಿ ಎಂದೆಂದಿಗೂ ನೆಲಸಲಾರನೆಂದು ಸಾರಲು ಶಕ್ತಿವಿಶಿಷ್ಟಾದ್ವೈತದಲ್ಲಿ ಆಧಾರ ಸಾಲದು. ನೆಲಸಿದನೆನ್ನಲು ಅದರ ಮಾತುಗಾರಿಕೆಯೂ ಸಾಕ್ಷಿಯಾಗದು.

ವಚನದ ಧಾಟಿಯಲ್ಲಿ, ಅಂಕಿತಸಹಿತ, ಯಂತ್ರವು ಸಾಲುಗಳನ್ನು ಹೆಣೆಯುತ್ತದೆಂದು ಕೆಲವರಿಗೆ ದಿಗಿಲು. ಅನುಭಾವವಿಲ್ಲದೆ ಅನುಭಾವದ ಮಾತಾಡುವುದನ್ನು ವಾಗದ್ವೈತವೆಂದು ಶರಣರು ಎಂದೋ ಜರೆದರು. ಆಗ ಜರೆಸಿಕೊಂಡವರು ಮನುಷ್ಯರು. ಅವರನ್ನು ಪರೀಕ್ಷಿಸಿದ ಒರೆಗಲ್ಲು ಮಾತಿನ ಸೊಗಸಲ್ಲ, ಆಚಾರ. ಅದೇ ಒರೆಗಲ್ಲನ್ನು ಯಂತ್ರದ ಮುಂದಿಡುವವರು, ಕಂಠಪಾಠದ ವಚನಗಳನ್ನು ವೇದಿಕೆಯಿಂದ ಸುರಿಸುವ ಉಪನ್ಯಾಸಕರ ಮುಂದೆಯೂ ಇಡಬೇಕಾದೀತು.